ಕಲ್ಚರ್ ನೆಗೆಟಿವ್ ಅಂದ್ರೆ ಟೈಫಾಯ್ಡ್ ಇಲ್ಲ ಅಂತಾನಾ? ಗೋಲ್ಡ್ ಸ್ಟ್ಯಾಂಡರ್ಡ್ ಇಲ್ಲದಾಗಿನ ಲೆಕ್ಕ

ಸೆನ್ಸಿಟಿವಿಟಿ (ಕಾಯಿಲೆ ಇರೋರಲ್ಲಿ ಎಷ್ಟು ಜನರನ್ನ ಟೆಸ್ಟ್ ಹಿಡಿಯುತ್ತೆ), ಸ್ಪೆಸಿಫಿಸಿಟಿ (ಕಾಯಿಲೆ ಇಲ್ಲದವರಲ್ಲಿ ಎಷ್ಟು ಜನರನ್ನ ಸರಿಯಾಗಿ ನೆಗೆಟಿವ್ ಅನ್ನುತ್ತೆ) ಲೆಕ್ಕ ಎಲ್ರಿಗೂ ಬರುತ್ತೆ, ನಾಲ್ಕು ಮನೆ ಟೇಬಲ್ ಹಾಕಿ ಭಾಗಿಸಿದ್ರೆ ಮುಗೀತು. ಆದ್ರೆ ಆ ಟೇಬಲ್ ಮೇಲ್ಗಡೆ 'ಕಾಯಿಲೆ ಇದೆ', 'ಕಾಯಿಲೆ ಇಲ್ಲ' ಅಂತ ಬರೀತೀವಲ್ಲ, ಅದನ್ನ ಹೇಳಿದ್ಯಾರು? ಇನ್ನೊಂದು ಟೆಸ್ಟು, ಅದು ಹೇಳಿದ್ದೇ ಸರಿ ಅಂತ ಒಪ್ಕೊಂಡಿರೋ 'ಗೋಲ್ಡ್ ಸ್ಟ್ಯಾಂಡರ್ಡ್'. ಆ ಟೆಸ್ಟೇ ತಪ್ಪು ಮಾಡ್ತಿದ್ರೆ?

ಟೈಫಾಯ್ಡ್ ತಗೊಳ್ಳಿ. ನಮ್ಮ ಹಾಸನದ ಕಡೆ ಜ್ವರ ನಾಲ್ಕು ದಿನ ಬಿಡ್ಲಿಲ್ಲ ಅಂದ್ರೆ ಇವತ್ತಿಗೂ ವಿಡಾಲ್ ಮಾಡ್ಸಿ ಅಂತಾರೆ, 1896ರಷ್ಟು ಹಳೇ ಟೆಸ್ಟ್ ಅದು, ರಕ್ತದಲ್ಲಿ ಆಂಟಿಬಾಡಿ ಹುಡುಕುತ್ತೆ, ಹಿಂದ್ಯಾವಾಗ್ಲೋ ಬಂದು ಹೋದ ಇನ್ಫೆಕ್ಷನ್ನಿಗೂ ಪಾಸಿಟಿವ್ ತೋರಿಸಬಹುದು. ಅದು ಎಷ್ಟು ಸರಿ ಅಂತ ಅಳೆಯೋಕೆ ಬ್ಲಡ್ ಕಲ್ಚರ್ (ರಕ್ತದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋದು) ಇಟ್ಕೊಳ್ತಾರೆ. ಕಲ್ಚರ್ ಪಾಸಿಟಿವ್ ಆದ್ರೆ ಕಣ್ಮುಚ್ಚಿ ನಂಬಬಹುದು, ಬ್ಯಾಕ್ಟೀರಿಯಾನೇ ಬೆಳೆದು ಕೂತಿರುತ್ತೆ. ನೆಗೆಟಿವ್ ಆದ್ರೆ ಹಾಗಲ್ಲ, ಎಷ್ಟೋ ಜನರ ಒಂದು ಎಂಎಲ್ ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾನೂ ಸಿಗಲ್ಲ, ಜೊತೆಗೆ ಆಸ್ಪತ್ರೆಗೆ ಬರೋ ಮುಂಚೆನೇ ಮೆಡಿಕಲ್ ಸ್ಟೋರಿಂದ ಆಂಟಿಬಯೋಟಿಕ್ ತಂದು ನುಂಗಿರ್ತಾರೆ. ಒಟ್ಟಲ್ಲಿ ನಿಜವಾದ ಟೈಫಾಯ್ಡಲ್ಲಿ ಕಲ್ಚರ್ ಹಿಡಿಯೋದು ಸುಮಾರು 60% ಮಾತ್ರ. ಬೋನ್ ಮ್ಯಾರೋ ಕಲ್ಚರ್ ಜಾಸ್ತಿ ಹಿಡಿಯುತ್ತೆ ನಿಜ, ಆದ್ರೆ ಜ್ವರ ಅಂತ ಬಂದೋರಿಗೆಲ್ಲ ಮೂಳೆಗೆ ಸೂಜಿ ಚುಚ್ತಾ ಕೂರೋಕಾಗುತ್ತಾ.

ಈಗ ಒಂದು ಕಾಲ್ಪನಿಕ ಲೆಕ್ಕ. ಜ್ವರದವರು 200 ಜನ, ಅದ್ರಲ್ಲಿ 100 ಜನಕ್ಕೆ ನಿಜವಾಗ್ಲೂ ಟೈಫಾಯ್ಡ್. ಹೊಸ ಟೆಸ್ಟ್ ಬಂದಿದೆ, ಅದರ ನಿಜವಾದ ಸೆನ್ಸಿಟಿವಿಟಿ 90%, ಸ್ಪೆಸಿಫಿಸಿಟಿನೂ 90%, ಆದ್ರೆ ಇದು ನಮಗೆ ಗೊತ್ತಿಲ್ಲ. ಕಲ್ಚರ್ 60 ಜನರನ್ನ ಪಾಸಿಟಿವ್ ಅಂತು, ಅವರಲ್ಲಿ ಹೊಸ ಟೆಸ್ಟ್ 54 ಜನರನ್ನ ಹಿಡೀತು, 90%, ಸರಿಯಾಗೇ ಬಂತು. ಉಳಿದ 140 ಜನ ಕಲ್ಚರ್ ಪ್ರಕಾರ 'ಕಾಯಿಲೆ ಇಲ್ಲದವರು', ಅದರೊಳಗೆ 40 ಜನ ಟೈಫಾಯ್ಡಿನವರೇ ಸೇರ್ಕೊಂಡಿದಾರೆ, ಅವರಲ್ಲಿ 36 ಜನರನ್ನ ಹೊಸ ಟೆಸ್ಟ್ ಸರಿಯಾಗಿ ಹಿಡೀತು, ಇನ್ನು ಟೈಫಾಯ್ಡ್ ಇಲ್ಲದ 100 ಜನರಲ್ಲಿ 10 ತಪ್ಪು ಪಾಸಿಟಿವ್. ಒಟ್ಟು 46 'ಸುಳ್ಳು ಪಾಸಿಟಿವ್' ಅಂತ ಬರೆದಾಯ್ತು, ಸ್ಪೆಸಿಫಿಸಿಟಿ 140ಕ್ಕೆ 94, ಅಂದ್ರೆ 67%! ಕಲ್ಚರ್ ಬಿಟ್ಟಿದ್ದನ್ನ ಹಿಡಿದಿದ್ದಕ್ಕೆ ಹೊಸ ಟೆಸ್ಟಿಗೆ ಶಿಕ್ಷೆ.

ಇದನ್ನ ಸರಿಪಡಿಸ್ತೀವಿ ಅಂತ ಕೆಲವರು ಕಲ್ಚರಿಗೂ ಹೊಸ ಟೆಸ್ಟಿಗೂ ತಾಳೆಯಾಗದ ಸ್ಯಾಂಪಲ್ಲುಗಳನ್ನ ಮಾತ್ರ ಮೂರನೇ ಟೆಸ್ಟಿಗೆ ಹಾಕ್ತಾರೆ. ನನಗಂತೂ ಇದು ಮೋಸದಾಟ ಅನ್ಸುತ್ತೆ, ಯಾಕಂದ್ರೆ ಎರಡೂ ಟೆಸ್ಟ್ ಸೇರಿ ತಪ್ಪು ಮಾಡಿದ ಕಡೆ ಯಾರೂ ನೋಡ್ಲೇ ಇಲ್ಲ, ಹೀಗಾಗಿ ಹೊಸ ಟೆಸ್ಟಿನ ಅಂಕಿ ಮೇಲಕ್ಕೇ ವಾಲುತ್ತೆ. ಕ್ಲಮೈಡಿಯಾ (ಲೈಂಗಿಕವಾಗಿ ಹರಡೋ ಒಂದು ಇನ್ಫೆಕ್ಷನ್) ಟೆಸ್ಟುಗಳ ವಿಷಯದಲ್ಲಿ 1990ರ ದಶಕದಲ್ಲೇ ಇದರ ಮೇಲೆ ದೊಡ್ಡ ಜಗಳ ಆಗಿತ್ತು. ಹಲವು ಟೆಸ್ಟ್ ಸೇರಿಸಿ 'ಯಾವುದಾದ್ರೂ ಒಂದು ಪಾಸಿಟಿವ್ ಆದ್ರೆ ಕಾಯಿಲೆ' ಅನ್ನೋ ಕಾಂಪೋಸಿಟ್ ದಾರಿ ಇದಕ್ಕಿಂತ ವಾಸಿ, ಆದ್ರೆ ಟೆಸ್ಟ್ ಸೇರಿಸಿದಷ್ಟೂ ಸುಳ್ಳು ಪಾಸಿಟಿವ್ ಕೂಡ ಒಳಗೆ ಬರ್ತವೆ.

ಇನ್ನೊಂದು ದಾರಿ ಲೇಟೆಂಟ್ ಕ್ಲಾಸ್. ಯಾವ ಟೆಸ್ಟನ್ನೂ ದೇವರು ಮಾಡೋದು ಬೇಡ, ನಿಜವಾದ ಕಾಯಿಲೆ ಕಣ್ಣಿಗೆ ಕಾಣಲ್ಲ ಅಂತ ಒಪ್ಕೊಂಡು ಎಲ್ಲಾ ಟೆಸ್ಟುಗಳ ತಪ್ಪನ್ನೂ ಒಟ್ಟಿಗೆ ಅಂದಾಜು ಮಾಡೋದು. ಇಲ್ಲಿ ಎಣಿಕೆ ಮುಖ್ಯ. ಎರಡು ಟೆಸ್ಟ್, ಒಂದು ಗುಂಪು ಅಂದ್ರೆ ಗೊತ್ತಿಲ್ಲದ ಸಂಖ್ಯೆ ಐದು (ಎರಡು ಸೆನ್ಸಿಟಿವಿಟಿ, ಎರಡು ಸ್ಪೆಸಿಫಿಸಿಟಿ, ಒಂದು ಪ್ರಿವಲೆನ್ಸ್, ಅಂದ್ರೆ ಗುಂಪಲ್ಲಿ ಕಾಯಿಲೆ ಇರೋರ ಪ್ರಮಾಣ), ಟೇಬಲ್ಲಿಂದ ಸಿಗೋ ಸ್ವತಂತ್ರ ಮಾಹಿತಿ ಮೂರು (ಒಟ್ಟು ಗೊತ್ತಿರೋದ್ರಿಂದ ನಾಲ್ಕನೇ ಮನೆ ತಾನಾಗೇ ಬರುತ್ತೆ), ಆಗಲ್ಲ. ಕಾಯಿಲೆ ಪ್ರಮಾಣ ಬೇರೆ ಬೇರೆ ಇರೋ ಎರಡು ಗುಂಪು ತಗೊಂಡ್ರೆ ಗೊತ್ತಿಲ್ಲದ್ದು ಆರು, ಮಾಹಿತಿನೂ ಆರು, ಕೂಡಿ ಬಂತು. 1980ರಲ್ಲಿ ಹುಯಿ ಮತ್ತು ವಾಲ್ಟರ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ, ಅವರ ಉದಾಹರಣೆ ಟಿಬಿಯ ಎರಡು ಚರ್ಮದ ಟೆಸ್ಟು. ಮೂರು ಟೆಸ್ಟ್, ಒಂದೇ ಗುಂಪು ಆದ್ರೂ ಏಳಕ್ಕೆ ಏಳು.

ಆದ್ರೆ ಇದೂ ಪುಕ್ಕಟೆ ಅಲ್ಲ, ಷರತ್ತಿವೆ. ಈ ವಿಧಾನವನ್ನ ಪಶುವೈದ್ಯರು ತುಂಬಾ ಬಳಸ್ತಾರೆ, ಹಾಸನದ ವೆಟರ್ನರಿ ಕಾಲೇಜಿನ ಸ್ನೇಹಿತರಿದ್ರೆ ಅವರನ್ನ ಹಿಡ್ಕೊಳ್ಳಿ. ದನಗಳ ಬ್ರುಸೆಲ್ಲೋಸಿಸ್ (ಗರ್ಭಪಾತ ಮಾಡಿಸೋ ಬ್ಯಾಕ್ಟೀರಿಯಾ ಕಾಯಿಲೆ) ತಗೊಂಡು ರೋಸ್ ಬೆಂಗಾಲ್, ಎಲೈಸಾ ಅನ್ನೋ ಎರಡು ರಕ್ತದ ಟೆಸ್ಟನ್ನೂ ಎರಡು ಗುಂಪಿನ ಮೇಲೆ ಮಾಡಿದ್ವಿ ಅನ್ಕೊಳ್ಳಿ. ಟೆಸ್ಟಿನ ಗುಣ ಎರಡೂ ಗುಂಪಲ್ಲಿ ಒಂದೇ ಇರ್ಬೇಕು ಅನ್ನೋದು ಷರತ್ತು, ಆದ್ರೆ ಒಂದು ಗುಂಪಿಗೆ ಈ ಕಾಯಿಲೆಯ ಎಸ್19 ಲಸಿಕೆ ಹಾಕ್ಸಿದ್ರೆ ಲಸಿಕೆಯ ಆಂಟಿಬಾಡಿನೇ ಪಾಸಿಟಿವ್ ತೋರಿಸಿ ಆ ಗುಂಪಲ್ಲಿ ಸ್ಪೆಸಿಫಿಸಿಟಿ ಬಿದ್ದೋಗಬಹುದು. ಇನ್ನೊಂದು ಷರತ್ತು, ಒಂದು ಟೆಸ್ಟ್ ತಪ್ಪಿದ ಕಡೆನೇ ಇನ್ನೊಂದೂ ತಪ್ಪಬಾರದು. ಇಲ್ಲಿ ಎರಡೂ ಹುಡುಕೋದು ಆಂಟಿಬಾಡಿನೇ, ಇನ್ಫೆಕ್ಷನ್ ಈಗಷ್ಟೇ ತಗುಲಿದ ಹಸುವನ್ನ ಎರಡೂ ಬಿಡ್ತವೆ, ಆಗ ಕಂಪ್ಯೂಟರ್ ಎರಡಕ್ಕೂ ಸಿಕ್ಕಾಪಟ್ಟೆ ಮಾರ್ಕ್ಸ್ ಕೊಟ್ಟು ಕೂರುತ್ತೆ. ಅದಕ್ಕೇ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್ಎ ಹುಡುಕೋದು) ತರ ಬೇರೇನನ್ನೋ ಹುಡುಕೋ ಟೆಸ್ಟನ್ನ ಜೊತೆಗೆ ಹಾಕೋದು, ಇಲ್ಲಾಂದ್ರೆ ಎರಡರ ನಡುವಿನ ನಂಟನ್ನ ಮಾಡೆಲ್ಲಿಗೇ ಸೇರಿಸಿ, ಹೊಸದಾಗಿ ಹುಟ್ಟಿದ ಆ ಗೊತ್ತಿಲ್ಲದ ಸಂಖ್ಯೆಗಳಿಗೆ ಬೇಸಿಯನ್ ಪ್ರಯರ್ (ಡೇಟಾ ನೋಡೋ ಮುಂಚೆನೇ ಇಟ್ಕೊಳ್ಳೋ ಅಂದಾಜು) ಕೊಟ್ಟು, ಪ್ರಯರ್ ಬದಲಾಯಿಸಿದಾಗ ಉತ್ತರ ಎಷ್ಟು ಅಲುಗಾಡುತ್ತೆ ಅಂತ ನೋಡೋದು.