ಹರಿಯೋ ನೀರಿಗೆ ಫಿಲ್ಟರ್ ಯಾಕೆ?

ಪ್ರಶ್ನೆ: ಹಿತ್ತಲಲ್ಲಿ ಮೀನು ಬಿಡಲು ಪುಟ್ಟ ಕೊಳ ಮಾಡಿಸುತ್ತಿದ್ದೇವೆ. ಒಂದು ಬದಿಗೆ ಕಲ್ಲು ಜೋಡಿಸಿ ಜಲಪಾತ ಇಡುವ ಆಸೆ. ನೀರು ಹೇಗೂ ಹರಿಯುತ್ತಲೇ ಇರುವುದರಿಂದ ಫಿಲ್ಟರ್ ಖರ್ಚು ಉಳಿಸಬಹುದಲ್ಲವೇ?

ಉತ್ತರ: ಬೇಡಿ, ಉಳಿಸಲು ಹೋಗಬೇಡಿ. ಇದೇ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಟ್ಟಿಲ್ಲ. ಹರಿಯೋ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕಿಲ್ಲ, ಒಪ್ಪಿದೆ. ಫಿಲ್ಟರ್ ಬೇಕು.

ನದಿ ತಿಳಿಯಾಗಿರುವುದನ್ನು ನೋಡಿ ಎಲ್ಲರೂ ಮೋಸಹೋಗುತ್ತಾರೆ. ನದಿಯಲ್ಲಿ ನಿಮ್ಮ ಮುಂದೆ ಹಾದುಹೋದ ನೀರು ಮತ್ತೆ ಬರುವುದಿಲ್ಲ, ಕಸವನ್ನೂ ಹೊತ್ತುಕೊಂಡೇ ಹೋಗುತ್ತದೆ. ನಿಮ್ಮ ಕೊಳದ್ದು ಗಾಣದೆತ್ತಿನ ನಡಿಗೆ. ಪಂಪು ತಳದಿಂದ ಎಳೆದು ಮೇಲೆ ಸುರಿಯುವುದು ಅದೇ ನೀರನ್ನು. ಅದೇ ಮೀನಿನ ಹಿಕ್ಕೆ, ಅದೇ ಕೊಳೆತ ಎಲೆಯ ಸಮೇತ. ಜಲಪಾತ ದಂಡ ಎನ್ನುತ್ತಿಲ್ಲ. ಬೀಳುವಾಗ ನೀರು ಚೆದುರಿ ಗಾಳಿಯ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ, ಮೀನಿಗೆ ಅದು ಬೇಕೇ ಬೇಕು. ಆದರೆ ಉಸಿರು ಕೊಡುವುದು ಬೇರೆ, ಕೊಳೆ ತೆಗೆಯುವುದು ಬೇರೆ.

ಕೊಳೆಯಲ್ಲಿ ಕಣ್ಣಿಗೆ ಕಾಣದ್ದೂ ಇದೆ. ಮೀನು ಹೊರಹಾಕುವ ಅಮೋನಿಯಾ ಕನ್ನಡಿಯಂಥ ನೀರಲ್ಲೂ ಮೀನನ್ನು ಕೊಲ್ಲಬಲ್ಲದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಗಿಡಗಳಿಗೆ ಊಟ. ಈ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಕೂರಲು ಜಾಗ ಬೇಕು. ಫಿಲ್ಟರಿನ ಸ್ಪಂಜು ಕೊಡುವುದು ಆ ಜಾಗವನ್ನೇ. ಅವು ನೆಲೆಯೂರಲು ಸುಮಾರು 4ರಿಂದ 6 ವಾರ ಹಿಡಿಯುತ್ತದೆ, ಹಾಗಾಗಿ ಮೊದಲ ದಿನವೇ ಹತ್ತಾರು ಮೀನು ತಂದು ಸುರಿಯಬೇಡಿ.

ಫಿಲ್ಟರ್ ಇಲ್ಲದವರ ಕಥೆ ನನಗೆ ಬಾಯಿಪಾಠ. ನೀರು ಹಸಿರಾಗುತ್ತದೆ. ಗಾಬರಿಯಾಗಿ ಎಲ್ಲ ನೀರನ್ನೂ ಚೆಲ್ಲಿ, ಕಲ್ಲು ಉಜ್ಜಿ ತೊಳೆದು, ನಲ್ಲಿ ನೀರು ತುಂಬಿಸುತ್ತಾರೆ. ಕೆಲವೇ ದಿನಕ್ಕೆ ಮತ್ತೆ ಹಸಿರು! ಕಲ್ಲಿಗೆ ಅಂಟಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾ ಉಜ್ಜಿ ಹೋಯಿತು, ಉಳಿದದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಕುತ್ತು ತಂದಿತು. ಪಾಚಿಗೆ ಬೇಕಾದ ಬಿಸಿಲು ಮಾತ್ರ ಹಾಗೇ ಇದೆ. ನೀರಿನ ಅರ್ಧದಷ್ಟು ಮೇಲ್ಮೈಯನ್ನು ನೈದಿಲೆ ಎಲೆ ಮುಚ್ಚಲಿ, ಆಗ ನೋಡಿ.

ಫಿಲ್ಟರ್ ಪೆಟ್ಟಿಗೆಯನ್ನು ಜಲಪಾತದ ನೆತ್ತಿಯಲ್ಲೇ ಹೂತುಬಿಡಿ. ನೀರು ಅದರ ತಳದಿಂದ ಹೊಕ್ಕು, ಸ್ಪಂಜು ಹಾದು, ಮೇಲಿನ ಬಾಯಿಂದ ಬೀಳಲಿ. ಮುಂದೆ ಕಲ್ಲಿಟ್ಟರೆ ಯಾರಿಗೂ ಕಾಣದು. ಸ್ಪಂಜನ್ನು ತೊಳೆಯುವಾಗ ಕೊಳದ್ದೇ ನೀರನ್ನು ಬಕೆಟ್ಟಿಗೆ ತುಂಬಿ ಅದರಲ್ಲಿ ಹಿಂಡಿ, ನಲ್ಲಿ ಕೆಳಗೆ ಬೇಡ. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂ.ಮೀ. ಆಳ ಅಂದರೆ 3,600 ಲೀಟರ್. ಅಷ್ಟೂ ನೀರು ಗಂಟೆಗೊಮ್ಮೆ ಒಂದು ಸುತ್ತು ಬರುವಂಥ ಪಂಪ್ ತನ್ನಿ. ಡಬ್ಬಿ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆ ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನದು. ನಿಮ್ಮ ಜಲಪಾತದ ಎತ್ತರಕ್ಕೆ ಎಷ್ಟು ಸಿಗುತ್ತದೆಂದು ವಿಚಾರಿಸಿಯೇ ದುಡ್ಡು ಕೊಡಿ.

ನೀವಿನ್ನೂ ಕೇಳಿಲ್ಲ, ಕರೆಂಟ್ ಬಿಲ್ ಬಂದ ಮೇಲೆ ಕೇಳುತ್ತೀರಿ: ರಾತ್ರಿ ಪಂಪ್ ಆಫ್ ಮಾಡಬಹುದೇ? ಬೇಡ. ಹಗಲೆಲ್ಲ ಆಮ್ಲಜನಕ ಬಿಟ್ಟ ಪಾಚಿ, ಗಿಡಗಳೇ ಕತ್ತಲಾದ ಮೇಲೆ ಅದನ್ನು ಎಳೆದುಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ಕೊಳದಲ್ಲಿ ಅದು ತೀರಾ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಆಗಲೇ. ನಿಂತ ನೀರಲ್ಲಿ ಸ್ಪಂಜಿನ ಬ್ಯಾಕ್ಟೀರಿಯಾಗಳಿಗೂ ಉಸಿರು ಕಟ್ಟುತ್ತದೆ.

ನಿಲ್ಲಿಸಬೇಕಾದ ಸಂದರ್ಭ ಒಂದಿದೆ. ಕೊಳದ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಹಗಲಲ್ಲಿ ಪಂಪ್ ಆಫ್ ಮಾಡಿ, ಜಲಪಾತದಲ್ಲಿದ್ದ ನೀರೆಲ್ಲ ಇಳಿದ ಮೇಲೆ ಅಂಚಿಗೊಂದು ಗುರುತು ಹಾಕಿ. ಕೆಲವು ಗಂಟೆ ಬಿಟ್ಟರೂ ನೀರು ಗುರುತಿನಲ್ಲೇ ನಿಂತಿದ್ದರೆ ತಳದ ಶೀಟು ಕಿತ್ತು ನೋಡುವ ಕೆಲಸವಿಲ್ಲ. ಸೋರುತ್ತಿರುವುದು ಜಲಪಾತದ ಕಲ್ಲುಗಳ ಸಂದಿಯಿಂದಲೋ ಅದರ ಪೈಪಿನಿಂದಲೋ, ಅಲ್ಲಿ ಹುಡುಕಿ.