ಏರ್‌ಲಾಕ್: ಹಳೆಯ ಡೀಸೆಲ್ ಗಾಡಿಯೊಳಗಿನ ಗಾಳಿ

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಸುತ್ತಿನ ಊರುಗಳಲ್ಲಿ ಹಳೆಯ ಡೀಸೆಲ್ ಜೀಪೋ ಟ್ರ್ಯಾಕ್ಟರೋ ಸ್ಟಾರ್ಟ್ ಆಗದೆ ನಿಂತಾಗ ‘ಏರ್ ಹಿಡಿದಿದೆ’ ಎಂಬ ಮಾತು ಕೇಳಿಬರುತ್ತದೆ. ಏರ್‌ಲಾಕ್ ಎಂದರೂ ಅದೇ. ಡೀಸೆಲ್ ಮಾತ್ರ ತುಂಬಿರಬೇಕಾದ ದಾರಿಯಲ್ಲಿ ಗಾಳಿ ಸೇರಿಕೊಂಡು, ಎಂಜಿನ್ನಿಗೆ ಇಂಧನ ತಲುಪದೆ ಹೋಗುವ ಸ್ಥಿತಿಗೆ ಈ ಹೆಸರು.

ಪದದೊಳಗಿನ ‘ಲಾಕ್’ ಕೇಳಿದವರಿಗೆ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿಕೊಂಡಿದೆ ಎನ್ನಿಸುವುದು ಸಹಜ. ಆದರೆ ಇಲ್ಲಿ ಯಾವುದೂ ಕಟ್ಟಿಕೊಂಡಿರುವುದಿಲ್ಲ. ಟ್ಯಾಂಕಿನಿಂದ ಫೀಡ್ ಪಂಪ್ ಎಳೆದ ಡೀಸೆಲ್ ಫಿಲ್ಟರ್ ದಾಟಿ ಇಂಜೆಕ್ಷನ್ ಪಂಪಿಗೆ ಬರುತ್ತದೆ. ಅಲ್ಲಿನ ಸಣ್ಣ ಪ್ಲಂಜರುಗಳು ಅದನ್ನು ಒತ್ತಿ, ಸ್ಟೀಲ್ ಪೈಪುಗಳ ಮೂಲಕ, ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳಿಗೆ ಕಳಿಸುತ್ತವೆ. ನಾಜಲ್ ಒಳಗೊಂದು ಬಿಗಿಯಾದ ಸ್ಪ್ರಿಂಗ್ ಇದ್ದು, ವಾತಾವರಣದ ಒತ್ತಡದ 100 ಪಟ್ಟಿಗಿಂತಲೂ ಹೆಚ್ಚಿನ ಒತ್ತಡ ಬಂದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಡೀಸೆಲ್ ದ್ರವವಾದ್ದರಿಂದ ಒತ್ತಿದರೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಹೀಗಾಗಿ ಪ್ಲಂಜರ್ ತಳ್ಳಿದ ಬಲ ನೇರವಾಗಿ ನಾಜಲ್‌ಗೆ ಮುಟ್ಟುತ್ತದೆ. ಗಾಳಿಯಾದರೋ ಒತ್ತಿದಾಗ ಕುಗ್ಗಿ, ಬಿಟ್ಟಾಗ ಮತ್ತೆ ಹಿಗ್ಗುತ್ತದೆ. ಪಂಪ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಅದರ ಶ್ರಮವೆಲ್ಲ ಗಾಳಿಯ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ ನಾಜಲ್ ತೆರೆಯುವುದಿಲ್ಲ.

ಪೆಟ್ರೋಲ್ ಗಾಡಿಗಳಲ್ಲಿ ಹೇಳುವ ‘ವೇಪರ್ ಲಾಕ್’ ಬೇರೆಯದು. ಎಂಜಿನ್ ಶಾಖಕ್ಕೆ ಪೈಪಿನೊಳಗಿನ ಪೆಟ್ರೋಲೇ ಆವಿಯಾಗುವುದರಿಂದ ಅದು ಉಂಟಾಗುತ್ತದೆ, ಗಾಡಿ ತಣ್ಣಗಾದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಡೀಸೆಲ್ ಗಾಡಿಗೆ ಗಾಳಿ ಹೊರಗಿನಿಂದಲೇ ಬರಬೇಕು.

ಟ್ಯಾಂಕ್ ಪೂರ್ತಿ ಖಾಲಿಯಾದರೆ ಬರುತ್ತದೆ. ಡೀಸೆಲ್ ಕಡಿಮೆ ಇದ್ದು ಗಾಡಿ ಏರಿನಲ್ಲಿ ವಾಲಿದಾಗ ಟ್ಯಾಂಕಿನೊಳಗಿನ ಪೈಪಿನ ತುದಿ ಮೇಲೆದ್ದರೂ ಬರುತ್ತದೆ. ಫಿಲ್ಟರ್ ಬದಲಿಸಿದಾಗಲಂತೂ ಬಂದೇ ಬರುತ್ತದೆ. ಏರ್‌ಲಾಕನ್ನು ಕಸವೆಂದು ತಿಳಿದು ಫಿಲ್ಟರ್ ಬದಲಿಸುವವರ ಕಷ್ಟ ದುಪ್ಪಟ್ಟಾಗುವುದು ಇದರಿಂದಲೇ. ಇವೆಲ್ಲ ಕಣ್ಣಿಗೆ ಕಾಣುವ ಕಾರಣಗಳು. ಕಾಣದ ಕಾರಣವೊಂದಿದೆ, ಹಳೆಯ ಗಾಡಿ ಇಟ್ಟುಕೊಂಡವರು ಮುಖ್ಯವಾಗಿ ತಿಳಿಯಬೇಕಾದದ್ದು ಅದನ್ನೇ. ಫೀಡ್ ಪಂಪಿನಿಂದ ಮುಂದಿನ ಜಾಯಿಂಟ್ ಸಡಿಲವಾದರೆ ಅಲ್ಲಿ ಒತ್ತಡವಿರುವುದರಿಂದ ಡೀಸೆಲ್ ಹೊರಗೆ ಜಿನುಗಿ ತಾನೇ ಗೊತ್ತಾಗುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಮಾತ್ರ ಪಂಪ್ ಎಳೆಯುತ್ತಿರುತ್ತದೆ. ಅಲ್ಲಿ ಬಿರುಕಿದ್ದರೆ ಒಂದು ಹನಿಯೂ ಹೊರಗೆ ಬೀಳದೆ ಗಾಳಿ ಒಳಗೆ ನುಗ್ಗಬಹುದು.

ನಮ್ಮ ಮನೆಯ ಜೀಪು ಮಾವಿನ ಸುಗ್ಗಿಯಲ್ಲಿ ಹಗಲೆಲ್ಲ ಚೆನ್ನಾಗಿ ಓಡಿ, ಬೆಳಗಿನ ಹೊತ್ತು ಮಾತ್ರ ಹಟ ಹಿಡಿಯುತ್ತಿತ್ತು. ದಿನವೂ ಏರ್ ತೆಗೆದು ಸ್ಟಾರ್ಟ್ ಮಾಡುತ್ತಿದ್ದೆವು, ಅದನ್ನೇ ರಿಪೇರಿ ಎಂದುಕೊಂಡಿದ್ದೆವು. ಕೊನೆಗೆ ಫೀಡ್ ಪಂಪಿಗೆ ಬರುವ ಪೈಪಿನ ಒಂದು ತುಂಡಿನ ಜಾಗದಲ್ಲಿ ಡೀಸೆಲ್ ತಾಳುವ ಪಾರದರ್ಶಕ ಪೈಪು ಹಾಕಿ ನೋಡಿದಾಗ ಗುಳ್ಳೆಗಳು ಸಾಲಾಗಿ ಹೋಗುವುದು ಕಂಡಿತು. ಟ್ಯಾಂಕಿನ ಕಡೆಯ ಜಾಯಿಂಟಿನಲ್ಲಿ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದರು. ರಾತ್ರಿಯಿಡೀ ಅಲ್ಲಿಂದ ಗಾಳಿ ಒಳಸೇರಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತಿತ್ತು. ಅಂದಿನಿಂದ ನನ್ನ ಮಟ್ಟಿಗೆ ಏರ್‌ಲಾಕ್ ಎಂಬುದು ರೋಗದ ಹೆಸರಲ್ಲ, ಲಕ್ಷಣದ ಹೆಸರು.

ಲಕ್ಷಣವನ್ನು ಗುರುತಿಸಲು ಸೈಲೆನ್ಸರ್ ನೋಡಬೇಕು. ಸ್ಟಾರ್ಟರ್ ಎಂಜಿನ್ನನ್ನು ಚೆನ್ನಾಗಿ ತಿರುಗಿಸುತ್ತಿದ್ದರೂ ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ಒಳಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಆಗ ಕಾರಣವನ್ನು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವುದು), ಸ್ಟಾರ್ಟ್‌ಗೆ ಮುನ್ನ ಒಳಗನ್ನು ಬಿಸಿಮಾಡುವ ಹೀಟರ್ ಪ್ಲಗ್ ಅಥವಾ ಪಂಪ್ ಟೈಮಿಂಗಿನಲ್ಲಿ (ಡೀಸೆಲ್ ಸಿಂಪಡಿಸುವ ಸಮಯದಲ್ಲಿ) ಹುಡುಕಬೇಕು.

ಏರ್ ತೆಗೆಯುವ ಕೆಲಸ ಟ್ಯಾಂಕಿನ ಕಡೆಯಿಂದ ಎಂಜಿನ್ನಿನ ಕಡೆಗೆ ಸಾಗಬೇಕು. ಟ್ಯಾಂಕಿಗೆ ಸಾಕಷ್ಟು ಡೀಸೆಲ್ ಹಾಕಿ, ಫಿಲ್ಟರ್ ಮೇಲಿನ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಮೇಲಿರುವ ಹ್ಯಾಂಡ್ ಪ್ರೈಮರನ್ನು (ಕೈಯಿಂದ ಡೀಸೆಲ್ ತಳ್ಳುವ ಗುಂಡಿಯನ್ನು) ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ತಿಳಿಯಾದ ಧಾರೆ ಬರುತ್ತದೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಇಂಜೆಕ್ಷನ್ ಪಂಪಿನ ಸ್ಕ್ರೂನಲ್ಲಿಯೂ ಹೀಗೆಯೇ ಮಾಡಬೇಕು. ಇಷ್ಟಕ್ಕೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ ನಾಜಲ್ ಬಳಿಯ ಪೈಪ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸ್ಟಾರ್ಟರನ್ನು ಹತ್ತು ಸೆಕೆಂಡು ಮೀರದಂತೆ ಬಿಟ್ಟು ಬಿಟ್ಟು ತಿರುಗಿಸಿ, ಡೀಸೆಲ್ ಕಂಡ ಕೂಡಲೇ ಬಿಗಿಯುವುದು ಉಳಿದ ದಾರಿ. ಆ ಹೊತ್ತಿನಲ್ಲಿ ಕೈಯನ್ನು ಅಲ್ಲಿಗೆ ಅಡ್ಡ ಹಿಡಿಯಬಾರದು, ಏಕೆಂದರೆ ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗಬಲ್ಲದು. ಹಾಗೇನಾದರೂ ಆದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಿಗೆ ಮಾತ್ರ. ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹಂಚುವ ಹೊಸ ಬಗೆಯ ಕಾಮನ್ ರೈಲ್ ಎಂಜಿನ್ನುಗಳ ಪೈಪುಗಳಲ್ಲಿ 1,000 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ಮೀರಿದ ಒತ್ತಡ ಇರುವುದರಿಂದ ಅಲ್ಲಿ ನಾಜಲ್ ನಟ್ಟು ಸಡಿಲಿಸಿ ಏರ್ ತೆಗೆಯುವ ಪದ್ಧತಿಯನ್ನು ಅನುಸರಿಸಲೇಬಾರದು.