ಕಾಲಿನ ತುರಿಕೆ: ಹೆಸರಿಡುವ ಮೊದಲು ಕಾಲು ನೋಡಿ

ಗಂಗಾವತಿ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ನಮ್ಮ ನರ್ಸಿಂಗ್ ತಂಡಕ್ಕೆ ಪೋಸ್ಟಿಂಗ್ ಬಿದ್ದದ್ದು ಸರಿಯಾಗಿ ನೆಲ್ಲು ಹಚ್ಚುವ ದಿನಗಳಲ್ಲಿ. ಎಡದಂಡೆ ನಾಲೆಗೆ ನೀರು ಬಂದಿತ್ತು. ಬಂದವರೆಲ್ಲರ ಮಾತು ಒಂದೇ: "ಕಾಲು ಭಾಳ ತುರಸ್ತಾವ್ರಿ." ನಮ್ಮ ಪುಸ್ತಕದಲ್ಲಿ ಚರ್ಮರೋಗಗಳನ್ನು ಶಿಲೀಂಧ್ರ, ಬ್ಯಾಕ್ಟೀರಿಯಾ, ಅಲರ್ಜಿ ಎಂದು ಕಾರಣದ ಪ್ರಕಾರ ಹಂಚಿದ್ದಾರೆ. ರೋಗಿಗೆ ಕಾರಣ ಗೊತ್ತಿರುವುದಿಲ್ಲ, ಅವರು ಕಾಲು ಚಾಚಿ ಕೂಡುತ್ತಾರೆ ಅಷ್ಟೇ. ಹಾಗಾಗಿ ಈ ಟಿಪ್ಪಣಿಯನ್ನು ಕಾಲಿನ ಜಾಗದ ಪ್ರಕಾರ ಬರೆದುಕೊಂಡೆ. ವೈವಾಗೂ, ಅಂದರೆ ಬಾಯಿ ಪರೀಕ್ಷೆಗೂ, ಇದೇ ಅನುಕೂಲ.

ಬೆರಳ ಸಂದಿಯಿಂದ ಶುರು ಮಾಡಿ, ಅದರಲ್ಲೂ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ. ದಿನವಿಡೀ ಕೆಸರಲ್ಲಿ ನಿಂತರೆ ಚರ್ಮದ ಮೇಲ್ಪದರ ನೀರು ಕುಡಿದು ಬೆಳ್ಳಗೆ ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ. ಬಿರಿದಲ್ಲಿ ಶಿಲೀಂಧ್ರವೂ ಬ್ಯಾಕ್ಟೀರಿಯಾವೂ ಒಟ್ಟಿಗೆ ಸೇರುತ್ತವೆ. ಕ್ಲೊಟ್ರಿಮಜೋಲ್ ಮುಲಾಮು ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಹಚ್ಚಬೇಕು. ಆದರೆ ಸಂದಿ ಒರೆಸಿ ಒಣಗಿಸದಿದ್ದರೆ ಮುಲಾಮು ದಂಡ. ಗದ್ದೆಗೆ ಇಳಿಯುವ ಮೊದಲು ಕಾಲಿಗೆ ಎಣ್ಣೆ ಸವರುವ ರೂಢಿ ನಮ್ಮ ಕಡೆ ಇದೆ. ಅದು ನೀರಿಗೆ ತಡೆಯಾಗುವುದರಿಂದ ಬೇಡ ಅನ್ನಬೇಡಿ. ಮನೆಗೆ ಬಂದ ಮೇಲೆ ಒದ್ದೆ ಸಂದಿಗೆ ಎಣ್ಣೆ ತುಂಬುವುದನ್ನು ಮಾತ್ರ ಬಿಡಿಸಿ.

ಗದ್ದೆಯಿಂದ ಬಂದ ಕೆಲವೇ ಗಂಟೆಗಳಲ್ಲಿ ನೀರು ಮುಟ್ಟಿದ ಮಟ್ಟದವರೆಗೆ ಮಾತ್ರ ಸಣ್ಣ ಕೆಂಪು ಗುಳ್ಳೆ ಎದ್ದು ವಿಪರೀತ ತುರಿಸಿದರೆ, ಅದು ಬೇರೆ ಕಥೆ. ದನ, ಎಮ್ಮೆ, ನೀರುಹಕ್ಕಿಗಳ ರಕ್ತದಲ್ಲಿ ಬದುಕುವ ಒಂದು ಹುಳುವಿನ ಮರಿಗಳು ನೀರಿನ ಬಸವನಹುಳುವಿನಿಂದ ಹೊರಬಿದ್ದು ದಾರಿ ತಪ್ಪಿ ಮನುಷ್ಯನ ಚರ್ಮ ಹೊಕ್ಕು ಅಲ್ಲೇ ಸಾಯುತ್ತವೆ. ತುರಿಕೆ ಆ ಸತ್ತ ಹುಳುವಿನ ವಿರುದ್ಧ ಮೈ ಏಳುವುದರಿಂದ. ಹಚ್ಚಲು ಕ್ಯಾಲಮೈನ್ ಲೋಷನ್, ನುಂಗಲು ಅಲರ್ಜಿಯ ಮಾತ್ರೆ ಸೆಟಿರಿಜಿನ್ ಸಾಕು, ಸುಮಾರು ಒಂದು ವಾರದಲ್ಲಿ ತಾನೇ ಇಳಿಯುತ್ತದೆ.

ಈಗ ಮೀನಖಂಡ. ಇಲ್ಲಿ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ತಪ್ಪು ನಮ್ಮ ಮನೆಯಲ್ಲೇ ಆಯಿತು. ಅವ್ವನ ಮೀನಖಂಡದ ಮೇಲೆ ಹುಳಕಡ್ಡಿ ಎದ್ದಿತ್ತು: ದುಂಡಗೆ, ಅಂಚು ಕೆಂಪಾಗಿ ಎದ್ದು, ನಡುವೆ ತಿಳಿಯಾಗಿ. ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬು ತಂದಳು. ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. "ಹಚ್ಚಿದ್ರ ಎರಡ ದಿನದಾಗ ತುರಿಕಿ ನಿಲ್ತೈತಿ, ಬಿಟ್ರ ಮತ್ತ ಎದ್ದು ಬರ್ತೈತಿ" ಎಂದಳು. ಟ್ಯೂಬು ತಿರುವಿ ಓದಿದೆ: ಕ್ಲೊಬೆಟಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಮದುವೆ ಊಟದಂತೆ ಎಲ್ಲವೂ ಒಂದೇ ಎಲೆಯಲ್ಲಿ.

ಕ್ಲೊಬೆಟಸಾಲ್ ಬಹಳ ಜೋರಾದ ಸ್ಟೆರಾಯ್ಡ್. ಅದು ಚರ್ಮದ ಪ್ರತಿರೋಧವನ್ನು ಅದುಮುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಕಾವಲು ಇಲ್ಲದ ಚರ್ಮದಲ್ಲಿ ಶಿಲೀಂಧ್ರ ಹಾಯಾಗಿ ಹಬ್ಬುತ್ತದೆ. ಆ ದುಂಡನೆಯ ಅಂಚೂ ಅಳಿಸಿಹೋಗಿ ನೋಡಿದವರಿಗೆ ಇಸಬಿನಂತೆ ಕಾಣುತ್ತದೆ. ಇದಕ್ಕೆ ಟೀನಿಯಾ ಇನ್ಕಾಗ್ನಿಟೊ ಎನ್ನುತ್ತಾರೆ, ಅಂದರೆ ವೇಷ ಮರೆಸಿಕೊಂಡ ಹುಳಕಡ್ಡಿ. ಜೊತೆಗೆ ಚರ್ಮ ತೆಳುವಾಗಿ ಗೀರು ಬೀಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅವ್ವನ ಹತ್ತಿರ ಚೀಟಿ ಇರಲಿಲ್ಲ.

ನೆನಪಿಗೆ ಒಂದು ಉಪಾಯ: ಹೆಸರಿನ ಬಾಲ "ಸೋನ್" ಆಗಿದ್ದರೆ ಸ್ಟೆರಾಯ್ಡ್, "ಜೋಲ್" ಆಗಿದ್ದರೆ ಶಿಲೀಂಧ್ರದ ಮದ್ದು. ಆದರೆ ಕ್ಲೊಬೆಟಸಾಲ್ ಈ ಲೆಕ್ಕಕ್ಕೆ ಸಿಗುವುದಿಲ್ಲ, ಆರ್ನಿಡಜೋಲ್ ಮೋಸ ಮಾಡುತ್ತದೆ: ಬಾಲ "ಜೋಲ್" ಆದರೂ ಅದು ಶಿಲೀಂಧ್ರದ ಮದ್ದಲ್ಲ. ಎರಡನ್ನೂ ಬಾಯಿಪಾಠ ಮಾಡಿಬಿಡಿ.

ಸಂಶಯವಿದ್ದರೆ ಅಂಚಿನ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ನಡುವಿನಿಂದ ಕೆರೆಯಬೇಡಿ, ಅಲ್ಲಿ ಏನೂ ಸಿಗದು. ಶಿಲೀಂಧ್ರದ ಮುಲಾಮನ್ನಷ್ಟೇ, ಕಲೆಯ ಅಂಚಿನಾಚೆ ಎರಡು ಸೆಂಟಿಮೀಟರ್‌ವರೆಗೆ ಹಚ್ಚಬೇಕು, ಕಲೆ ಹೋದ ಮೇಲೂ ಎರಡು ವಾರ ಮುಂದುವರಿಸಬೇಕು. ಹೆಚ್ಚು ಹಬ್ಬಿದ್ದರೆ ಮಾತ್ರೆ ಬೇಕು, ಅದು ವೈದ್ಯರ ಕೆಲಸ. ಮನೆಯ ಎಲ್ಲರ ಮೈ ನೋಡಿ, ಟವೆಲು ಬೇರೆ ಮಾಡಿಸಿ. ಅವ್ವನ ತುರಿಕೆ ಅಪ್ಪನ ಸೊಂಟದಲ್ಲೂ ಇತ್ತು. ಹೇಳಿಕೊಂಡಿರಲಿಲ್ಲ ಅಷ್ಟೇ.

ಹರಡಿನ ಒಳಬದಿಯಲ್ಲಿ ಕಂದು ಬಣ್ಣ, ತುರಿಕೆ, ಸಂಜೆಗೆ ಬಾವು, ಮೇಲೆ ಉಬ್ಬಿದ ನರ: ಇದು ನಿಂತು ದುಡಿಯುವವರ ಕಾಲು. ಅಭಿಧಮನಿಯ ಕವಾಟ ಸಡಿಲಾಗಿ ರಕ್ತ ಕೆಳಗೇ ನಿಂತು, ಕೆಂಪು ರಕ್ತಕಣ ಸೋರಿ, ಅದರ ಕಬ್ಬಿಣ ಚರ್ಮಕ್ಕೆ ಬಣ್ಣ ಹಿಡಿಸುತ್ತದೆ. ಮಲಗುವಾಗ ಕಾಲು ಎದೆಯ ಮಟ್ಟಕ್ಕಿಂತ ಎತ್ತರ, ಚರ್ಮಕ್ಕೆ ಜಿಡ್ಡು, ಬಿಗಿ ಕಾಲುಚೀಲ. ಚೀಲ ಹಾಕಿಸುವ ಮೊದಲು ಪಾದದ ಮೇಲಿನ ನಾಡಿ ಮುಟ್ಟಿ ನೋಡಲೇಬೇಕು. ಶುದ್ಧ ರಕ್ತದ ಹರಿವೇ ಕಡಿಮೆಯಿದ್ದರೆ ಆ ಬಿಗಿ ಕಾಲನ್ನೇ ಕೆಡಿಸೀತು. ತಮಾಷೆಯೆಂದರೆ, ಅವ್ವನಿಗೆ ಕೇಡು ಮಾಡಿದ ಜಾತಿಯ ಸ್ಟೆರಾಯ್ಡ್ ಮುಲಾಮನ್ನೇ ಇಲ್ಲಿ ವೈದ್ಯರು ಕೆಲವು ದಿನ ಕೊಡುತ್ತಾರೆ.

ತಡಮಾಡಬಾರದ ಕಾಲುಗಳೂ ಇವೆ. ಪಾರದರ್ಶಕ ಗಾಜಿನ ಲೋಟವನ್ನು ಕೆಂಪು ಚುಕ್ಕೆಯ ಮೇಲೆ ಒತ್ತಿ. ಬಣ್ಣ ಮಾಯವಾಗದಿದ್ದರೆ ಅದು ಚರ್ಮದೊಳಗಿನ ರಕ್ತಸ್ರಾವ. ಜ್ವರವೂ ಇದ್ದರೆ ಡೆಂಗಿಯನ್ನು ನೆನೆದು ಅಂದೇ ಕಳಿಸಿ. ಒಂದೇ ಕಾಲು ಕೆಂಪಾಗಿ, ಬಿಸಿಯಾಗಿ, ನೋಯುತ್ತಾ ಹಬ್ಬುತ್ತಿದ್ದರೆ ಸೆಲ್ಯುಲೈಟಿಸ್, ಅಂದರೆ ಚರ್ಮದ ಆಳಕ್ಕಿಳಿದ ಬ್ಯಾಕ್ಟೀರಿಯಾ ಸೋಂಕು. ಪೆನ್ನಿನಿಂದ ಅಂಚಿಗೆ ಗೆರೆ ಎಳೆದು, ಹೊತ್ತು ಬರೆದು, ಕಳಿಸಿ. ಸಕ್ಕರೆ ಕಾಯಿಲೆಯವರಿಗೆ ಇದು ಇನ್ನೂ ಅಪಾಯ. ಆನೆಕಾಲು ರೋಗವಿರುವ ರಾಯಚೂರು ಕಡೆಗೆ ಪೋಸ್ಟಿಂಗ್ ಹೋಗುವವರು ಗಮನಿಸಿ: ಬಾವು ಬಂದ ಕಾಲಿಗೆ ಮೇಲಿಂದ ಮೇಲೆ ಜ್ವರ, ನೋವು ಬರಿಸುವ ಬ್ಯಾಕ್ಟೀರಿಯಾ ಒಳಹೊಕ್ಕುವುದು ಹೆಚ್ಚಾಗಿ ಆ ಬಿರಿದ ಬೆರಳ ಸಂದಿಯಿಂದಲೇ.

ಇನ್ನೊಂದು, ತುರಿಸದ ಕಲೆ. ಸುತ್ತಲಿಗಿಂತ ಬಣ್ಣ ಮಾಸಿದ ಕಲೆ ಕಂಡರೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ತಾಗಿಸಿ, ತಾಗಿದ ಜಾಗಕ್ಕೆ ಬೆರಳಿಡಲು ಹೇಳಿ. ತಾಗಿದ್ದೇ ಗೊತ್ತಾಗದಿದ್ದರೆ ಕುಷ್ಠರೋಗದ ಪರೀಕ್ಷೆಗೆ ಕಳಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ. ತುರಿಸದ ಕಾರಣ ರೋಗಿ ತಾನಾಗಿ ಇದನ್ನು ತೋರಿಸುವುದಿಲ್ಲ. ಹಾಗಾಗಿ ತುರಿಕೆ ಅಂತ ಬಂದವರಿಗೂ ಸೀರೆ, ಪಂಚೆ ಮೊಣಕಾಲಿನವರೆಗೆ ಸರಿಸಲು ಹೇಳಿ, ಎರಡೂ ಕಾಲು ಬೆಳಕಿನಲ್ಲಿ ನೋಡಿ.